ಎರಡೂ ಕೈ

ಪಾತ್ರೆಯನ್ನು ಸೀಟಿನ ಕೆಳಗಿಡಬೇಕು ಎಂದು ಟಿಕೆಟ್ ನೋಡುವ ಹುಡುಗಿ ಎರಡನೇ ಸಲ ಹೇಳಿದಾಗ ರೋಸ್ವಿಟಾ ಕಿಟಕಿಯ ಕಡೆ ಮುಖ ತಿರುಗಿಸಿ ಕೇಳಿಸದವಳಂತೆ ಕುಳಿತಳು. ಕಿವಿ ಚುರುಕಾಗಿಯೇ ಇತ್ತು. ಆದರೆ ಅರವತ್ತೊಂಬತ್ತು ವರ್ಷಕ್ಕೆ ಸಿಗುವ ಸವಲತ್ತುಗಳಲ್ಲಿ ಕೇಳಿಸದಂತೆ ಕೂರುವುದೊಂದೇ ಉಪಯೋಗಕ್ಕೆ ಬರುವಂಥದ್ದು. ಪಾತ್ರೆಗೆ ಎರಡು ಟವೆಲು ಸುತ್ತಿ, ಅದರ ಮೇಲೆ ಹಳೆಯ ಉಣ್ಣೆಯ ಶಾಲು ಬಿಗಿದು ಗಂಟು ಹಾಕಿದ್ದಳು. ಆದರೂ ಬಿಸಿ ಸ್ಕರ್ಟು ದಾಟಿ ತೊಡೆಗೆ ತಾಗುತ್ತಿತ್ತು. ಒಳಗೆ ಬಿಸಿನೀರಿನಲ್ಲಿ ಆರು ಆಲೂಗಡ್ಡೆ ಕಡುಬು. ಬೆಳಿಗ್ಗೆ ಐದಕ್ಕೆದ್ದು ಹಸಿ ಆಲೂಗಡ್ಡೆ ತುರಿದು, ಬಟ್ಟೆಯ ಚೀಲದಲ್ಲಿ ಹಾಕಿ ಕೊನೆಯ ಹನಿ ಇಳಿಯುವ ತನಕ ಹಿಂಡಿ, ಬೆಂದ ಆಲೂಗಡ್ಡೆಯ ಜೊತೆ ನಾದಿ, ಒಂದೊಂದರ ಹೊಟ್ಟೆಯಲ್ಲೂ ಹುರಿದ ಬ್ರೆಡ್ಡಿನ ಚೂರು ಇಟ್ಟು ಉಂಡೆ ಕಟ್ಟಿದ್ದಳು. ಜರ್ಮನಿಯ ತುರಿಂಗಿಯಾದಲ್ಲಿ ಭಾನುವಾರ ಮಧ್ಯಾಹ್ನ ಕಡುಬಿಲ್ಲದ ಮನೆಯಿಲ್ಲ. ಆದರೆ ಕಡುಬನ್ನು ಹೊತ್ತುಕೊಂಡು ಊರೂರು ಅಲೆಯುವವರೂ ಇಲ್ಲ. "ಒಂದು ಗಂಟೆ ದಾರಿ, ಕರಗಿ ಗಂಜಿಯಾಗುತ್ತೆ, ನಿನಗೆ ತಲೆ ಕೆಟ್ಟಿದೆ" ಎಂದು ಮಗಳು ಸಾಲ್ಫೆಲ್ಡ್‌ನ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದಳು. ಕೆಟ್ಟಿದ್ದರೆ ಕೆಟ್ಟಿರಲಿ ಎಂದುಕೊಂಡು ಹೊರಟಿದ್ದಳು.

"ಅಮ್ಮಾ, ನಿಮಗೇ ಹೇಳ್ತಿರೋದು. ಬಿಸಿ ಪದಾರ್ಥ, ಯಾರ ಮೇಲಾದ್ರೂ ಚೆಲ್ಲಿದ್ರೆ?"

"ಚೆಲ್ಲಲ್ಲ."

"ಎಲ್ರೂ ಹಾಗೇ ಅಂತಾರೆ."

"ಅನ್ನಲಿ. ನಾನು ಅಂದ್ರೆ ಚೆಲ್ಲಲ್ಲ."

ಈ ಡಬ್ಬಿಯಲ್ಲೇ ಹನ್ನೊಂದು ವರ್ಷ ಕಂಡಕ್ಟರಾಗಿದ್ದೆ ಕಣೇ, ನೀನು ನಿಂತಿದ್ದೀಯಲ್ಲ ಅದೇ ಮೆಟ್ಟಿಲ ಮೇಲೆ, ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ರೋಸ್ವಿಟಾ ನುಂಗಿಕೊಂಡಳು. ಹುಡುಗಿ ಹೆಗಲು ಕುಣಿಸಿ ಕೆಳಗಿಳಿದಳು. ಗಂಟೆ ಎರಡು ಸಲ ಹೊಡೆಯಿತು. ಮೇಲೆ ಬೆಟ್ಟದ ತಲೆಯಲ್ಲಿ ಯಂತ್ರ ತಿರುಗತೊಡಗಿತು, ಉಕ್ಕಿನ ಹಗ್ಗ ಬಿಗಿಯಿತು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಹಳೆಯ ಡಬ್ಬಿ ಒಮ್ಮೆ ಜಗ್ಗಿ ಇಳಿಜಾರು ಏರಲು ಹೊರಟಿತು. ಅದೇ ಹಗ್ಗದ ಇನ್ನೊಂದು ತುದಿಯಲ್ಲಿ ಸಾಮಾನು ಸಾಗಿಸುವ ಚಪ್ಪಟೆ ಗಾಡಿ ಮೇಲಿನಿಂದ ಇಳಿಯಲು ಶುರುವಾಗಿರುತ್ತದೆ. ಇದು ಏರಿದರೆ ಅದು ಇಳಿಯಬೇಕು, ನಡುದಾರಿಯಲ್ಲಿ ಹಳಿ ಎರಡಾಗುವ ಕಡೆ ಒಂದನ್ನೊಂದು ದಾಟಬೇಕು, ಹದಿನೆಂಟು ನಿಮಿಷ. ನಲವತ್ತು ವರ್ಷ ಈ ಕಡೆ ತಲೆ ಹಾಕಿರದಿದ್ದರೂ ಅವಳ ಎಡಗೈ ತಾನಾಗಿಯೇ ಕಿಟಕಿಯ ಪಕ್ಕದ ಹಿತ್ತಾಳೆ ಹಿಡಿಯನ್ನು ಹುಡುಕಿ ಹಿಡಿದುಕೊಂಡಿತು. ಹಿಡಿ ಅಲ್ಲೇ ಇತ್ತು. ಹಳಿಗಳ ನಡುವೆ ಹಗ್ಗ ಹೊತ್ತ ಗಾಲಿಗಳು ಒಂದೊಂದಾಗಿ ಕಿರುಗುಟ್ಟಿ ಹಿಂದಕ್ಕೆ ಸರಿಯುತ್ತಿದ್ದವು, ಗ್ರೀಸಿನ ವಾಸನೆ ನೆಲದ ಸಂದಿಯಿಂದ ಮೇಲಕ್ಕೆ ಬರುತ್ತಿತ್ತು, ಮತ್ತು ಈ ವಾಸನೆಗೆ ತನಗೆ ಅಳು ಬರುತ್ತದೆ ಎಂದು ಅವಳು ಅಂದುಕೊಂಡಿರಲಿಲ್ಲ. ಅಳಲಿಲ್ಲ. ಅಳುವುದಕ್ಕೆ ಬಂದವಳಲ್ಲ ಅವಳು.

ಬಂದದ್ದು ಒಟಿಲಿಗೆ ಒಂದು ಮಾತು ಹೇಳಲು. ಒಟಿಲಿ ಆ ಕಾಲದಲ್ಲಿ ಮೇಲಿನ ಸ್ಟೇಷನ್ನಿನ ಅಡುಗೆಯವಳು. ಈಗ ಎಂಬತ್ತಾರು, ಬೆಟ್ಟದ ಮೇಲಿನ ಪುಟ್ಟ ಕರೆಂಟು ರೈಲಿನ ಕೊನೆಯ ಊರಿನಲ್ಲಿದ್ದಾಳೆ. ಭಾನುವಾರ ಹನ್ನೆರಡೂವರೆಯ ಗಾಡಿಗೆ ಬರುತ್ತೇನೆ, ಕಡುಬು ತರುತ್ತೇನೆ, ಒಂದು ಮಾತು ಹೇಳುವುದಿದೆ ಎಂದು ರೋಸ್ವಿಟಾ ಅವಳಿಗೆ ಕಾರ್ಡು ಬರೆದಿದ್ದಳು. ಉತ್ತರ ಬಂದಿರಲಿಲ್ಲ. ಕಾರ್ಡು ಬರೆಸಿದ್ದು ಕಣ್ಣಿನ ಡಾಕ್ಟರ ಕೋಣೆ. ಹೋದ ತಿಂಗಳು ಅಲ್ಲಿ ಸರದಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕುಳಿತ ದಪ್ಪ ಗಂಡಸೊಬ್ಬ ತನ್ನ ಹೆಂಡತಿಗೆ ಬೆಟ್ಟದ ರೈಲಿನ ಕಡುಬಿನ ಕಥೆ ಹೇಳುತ್ತಿದ್ದ. ಹೋಗಿ ಬಂದಿದ್ದನಂತೆ, ಅಲ್ಲಿ ಒಬ್ಬ ಮುದುಕ ಎಷ್ಟು ಚೆನ್ನಾಗಿ ಹೇಳುತ್ತಾನಂತೆ. ಪೆದ್ದ ಕಂಡಕ್ಟರಮ್ಮ ಗಾಬರಿಬಿದ್ದು ಪಾತ್ರೆ ಕೈಬಿಟ್ಟಳಂತೆ, ಜಿಲ್ಲೆಯ ದೊಡ್ಡ ಮನುಷ್ಯರೆಲ್ಲ ಇಳಿಜಾರಿನಲ್ಲಿ ನಲವತ್ತು ನಿಮಿಷ ನೇತಾಡಿದರಂತೆ. ಹೆಂಡತಿ ನಕ್ಕಳು, ಎದುರಿನವರು ನಕ್ಕರು. ರೋಸ್ವಿಟಾ ಕೂಡ ನಕ್ಕಳು. ಹಲ್ಲು ಕಾಣುವಂತೆ, ಒಳ್ಳೆಯ ನೆರೆಯವಳಂತೆ ನಕ್ಕಳು. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲಿನ ಅಕ್ಷರ ಓದಲು ಕುಳಿತಾಗ ದೊಡ್ಡ ಸಾಲು ಕೂಡ ಕಾಣಿಸಲಿಲ್ಲ. ಡಾಕ್ಟರು ಪೊರೆ ಬಂದಿದೆ ಎಂದರು. ಪೊರೆಯಲ್ಲ ಅದು, ನಾಚಿಕೆ. ತನ್ನ ಮೇಲೆಯೇ ಆಡಿದ ಸುಳ್ಳಿಗೆ ತಾನೇ ನಕ್ಕ ನಾಚಿಕೆ.

"ಸ್ವಾಮೀ, ಈ ಇಳಿಜಾರಿನಲ್ಲಿ ಏನೇನೋ ಹತ್ತಿದೆ, ಏನೇನೋ ಇಳಿದಿದೆ. ಕಲ್ಲಿದ್ದಲು, ಗಾಜು, ಹಂದಿ, ಮಂತ್ರಿ. ಆದ್ರೆ ಕಡುಬು ಇಳಿದದ್ದು ಒಂದೇ ಸಲ!"

ಅವಳು ಬೆಚ್ಚಿದಳು. ಡಬ್ಬಿಯ ಮೇಲ್ತುದಿಯ ಮೆಟ್ಟಿಲಿನಲ್ಲಿ ಹಳೆಯ ರೈಲ್ವೆ ಟೋಪಿ ಹಾಕಿದ ಎಲುಬು ಗೂಡಿನಂಥ ಮನುಷ್ಯನೊಬ್ಬ ಮೈಕು ಹಿಡಿದು ನಿಂತಿದ್ದ. ಎಗೋನ್. ಮುಖ ಒಣಗಿ ಸುಕ್ಕಾಗಿತ್ತು, ಮೂಗು ಮಾತ್ರ ಅದೇ. ಆ ಕಾಲದಲ್ಲಿ ಎಗೋನ್ ಈ ಗಾಲಿಗಳಿಗೆ ಗ್ರೀಸು ಹಾಕುವವನು. ಬೆಳಗಿನಿಂದ ಸಂಜೆಯ ತನಕ ಹಳಿಯ ಪಕ್ಕದ ಮೆಟ್ಟಿಲ ಸಾಲಿನಲ್ಲಿ ಡಬ್ಬ ಹಿಡಿದು ಹತ್ತಿ ಇಳಿದು ಮಾಡುತ್ತ, ಮಧ್ಯಾಹ್ನ ನಡುದಾರಿಯ ಗುಡಿಸಿಲಲ್ಲಿ ಒಣ ಬ್ರೆಡ್ಡು ಕಡಿಯುತ್ತಿದ್ದ. ಅದನ್ನು ನೋಡಲಾರದೆ ರೋಸ್ವಿಟಾಳೇ ಅವನಿಗೂ ಬಿಸಿ ಊಟ ಕೊಡು ಎಂದು ಒಟಿಲಿಯನ್ನು ಕೇಳಿದ್ದಳು. ಹೌದು, ತಾನೇ ಕೇಳಿದ್ದು. ಒಟಿಲಿ ಗೊಣಗಿದಳು, ನಿಯಮಕ್ಕೆ ವಿರುದ್ಧ ಎಂದಳು, ಮಾರನೆಯ ದಿನ ಪಾತ್ರೆ ತುಂಬಿಸಿಟ್ಟಿದ್ದಳು. ಗಾಡಿ ಅಲ್ಲಿ ನಿಲ್ಲುವಂತಿಲ್ಲ. ನಡಿಗೆಯ ವೇಗದಲ್ಲಿ ಇಳಿಯುತ್ತಿದ್ದಂತೆ ಅವಳು ಪಕ್ಕದ ಬಾಗಿಲು ತೆರೆಯಬೇಕು, ಎಗೋನ್ ಡಬ್ಬಿಯ ಜೊತೆಜೊತೆಗೇ ಆರು ಮೆಟ್ಟಿಲು ಇಳಿಯುತ್ತ ಪಾತ್ರೆ ತೆಗೆದುಕೊಳ್ಳಬೇಕು. ಗ್ರೀಸಿನ ಕೈ ಜಾರುತ್ತದೆ. ಅದಕ್ಕೆ ಅವನು ಮೊದಲೇ ಮರಳಿನಲ್ಲಿ ಕೈ ಉಜ್ಜಿಕೊಂಡು, ಎರಡೂ ಅಂಗೈ ಎತ್ತಿ ತೋರಿಸಬೇಕು. ಎರಡೂ ಕಂಡರೆ ಮಾತ್ರ ಕೊಡುವುದು. ಇದು ಅವರು ಮೂವರೇ ಮಾಡಿಕೊಂಡ ಪದ್ಧತಿ, ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು. ಹನ್ನೊಂದು ವರ್ಷದಲ್ಲಿ ಒಂದು ಹನಿ ಚೆಲ್ಲಿರಲಿಲ್ಲ.

ಎಗೋನ್ ಕಥೆ ನಡೆಸಿಕೊಂಡು ಹೋಗುತ್ತಿದ್ದ. ಪಾತ್ರೆ ಬಿತ್ತು, ಮುಚ್ಚಳ ಹಾರಿತು, ಕಡುಬುಗಳು ಒಂದರ ಹಿಂದೆ ಒಂದು ಉರುಳಿದವು, ಒಂದು ಕಡುಬು ನೆಟ್ಟಗೆ ಕೆಳಗಿನ ಸ್ಟೇಷನ್ನಿಗೆ ಬಂದು ಸ್ಟೇಷನ್ ಮಾಸ್ಟರನ ಬೂಟಿನ ಮುಂದೆ ನಿಂತಿತು, ಆತ ಎದ್ದು ಸಲಾಮು ಹೊಡೆದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾವ ಕಡುಬೂ ಕೆಳಗಿನ ತನಕ ಹೋಗಿರಲಿಲ್ಲ. ಮೂರನೆಯ ಗಾಲಿಯ ಹತ್ತಿರವೇ ಎಲ್ಲವೂ ಒಡೆದು ಬಿದ್ದಿದ್ದವು. ಮುಚ್ಚಳ ಹಗ್ಗದ ಕೆಳಗೆ ಸಿಕ್ಕಿಕೊಂಡಿತು, ಅದು ಕಂಡಾಗ ರೋಸ್ವಿಟಾ ಕೈ ಬ್ರೇಕು ಎಳೆದಳು. ಎಳೆದದ್ದು ಸರಿ. ಎಳೆಯದಿದ್ದರೆ ಹಗ್ಗ ಗಾಲಿಯಿಂದ ಹಾರುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ಒಂದು ವಾರದ ನಂತರ ಊಟದ ಹಜಾರದಲ್ಲಿ ಅರವತ್ತು ಜನರ ಎದುರು ನಿಂತು, ನಾನು ಬೇಜವಾಬ್ದಾರಿಯಿಂದ ವರ್ತಿಸಿದೆ ಎಂದು ಬರೆದುಕೊಟ್ಟ ಕಾಗದ ಓದಬೇಕಾಯಿತು. ಕಾಲುಚೀಲದಲ್ಲಿ ಮೊಣಕಾಲಿನಿಂದ ಕೆಳಗೆ ಎಳೆ ಬಿಟ್ಟಿತ್ತು. ಕಾಗದ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅದನ್ನು ಮುಚ್ಚಿಕೊಳ್ಳುತ್ತ, ಗೂನು ಬೆನ್ನಿನಲ್ಲಿ ಓದಿದ್ದಳು. ಪೂರ್ವ ಜರ್ಮನಿ ಎಂಬ ದೇಶವೇ ಹೋಯಿತು, ಅವತ್ತು ಮೇಜಿನ ಹಿಂದೆ ಕುಳಿತ ಅಧಿಕಾರಿಗಳೆಲ್ಲ ಸತ್ತರು, ಆ ಎಳೆ ಬಿಟ್ಟ ಕಾಲುಚೀಲ ಮಾತ್ರ ಅವಳ ಕಾಲಿನಿಂದ ಇಳಿದಿಲ್ಲ.

ಅದಕ್ಕೂ ಮೊದಲು, ಮುಚ್ಚಿದ ಬಾಗಿಲ ಹಿಂದೆ, ಇನ್ನೊಂದಿತ್ತು. ಒಬ್ಬ ಅಧಿಕಾರಿ, ಎರಡು ಕುರ್ಚಿ, ಅವಳಿಗೂ ಒಂದು ಲೋಟ ಕಾಫಿ. "ಪಾತ್ರೆ ತಾನಾಗೇ ನಡ್ಕೊಂಡು ಬಂತಾ?" ಎಂದು ಆತ ಮೃದುವಾಗಿ ಕೇಳಿದ್ದ. "ಒಟಿಲಿ ಕೊಟ್ಟಳು" ಎಂದಳು ರೋಸ್ವಿಟಾ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಬಲವಂತ ಮಾಡಿದಳು" ಎಂದೂ ಸೇರಿಸಿದಳು. ಆ ಪದ ಎಲ್ಲಿಂದ ಬಂತು, ಯಾರೂ ಕೇಳಿರಲಿಲ್ಲವಲ್ಲ? ತಿಂಗಳು ಮುಗಿಯುವುದರೊಳಗೆ ಒಟಿಲಿಯನ್ನು ಅಡುಗೆಮನೆಯಿಂದ ತೆಗೆದು ಗಾಜಿನ ಕಾರ್ಖಾನೆಯ ಪ್ಯಾಕಿಂಗಿಗೆ ಹಾಕಿದರು. ಇಪ್ಪತ್ತು ವರ್ಷ ಒಲೆಯ ಮುಂದೆ ರಾಣಿಯಾಗಿದ್ದವಳು ಹುಲ್ಲಿನಲ್ಲಿ ಬಾಟಲಿ ಸುತ್ತುತ್ತ ಬೆರಳು ಕೊಯ್ದುಕೊಂಡಳು. ಹೇಳಿದ್ದು ನಾನು ಎಂಬ ಎರಡು ಪದ ಒಟಿಲಿಗೆ ತಲುಪಬೇಕಿತ್ತು. ನಲವತ್ತು ವರ್ಷ ತಲುಪಲಿಲ್ಲ.

"ಇವತ್ತೂ ಒಬ್ರು ಪಾತ್ರೆ ತಂದಿದಾರೆ ನೋಡಿ!" ಎಗೋನ್ ಮೈಕಿನಲ್ಲಿ ಕೂಗಿದ. ಎಲ್ಲರ ತಲೆಯೂ ಅವಳ ಕಡೆ ತಿರುಗಿತು. "ಅಮ್ಮಾ, ಗಟ್ಟಿಯಾಗಿ ಹಿಡ್ಕೊಳ್ಳಿ, ಆ ಕಂಡಕ್ಟರಮ್ಮನ ಥರ ಗಾಬರಿ ಬೀಳ್ಬೇಡಿ! ನಡುದಾರಿ ಬಂತು!"

ಮೇಲಿನಿಂದ ಚಪ್ಪಟೆ ಗಾಡಿ ಇಳಿದು ಬರುತ್ತಿತ್ತು. ಹಳಿ ಎರಡಾಗಿ ಬಾಗಿತು. ಎಡಗಡೆ ಮೆಟ್ಟಿಲ ಸಾಲು, ಗುಡಿಸಿಲು ಇದ್ದ ಜಾಗದಲ್ಲಿ ಮುಳ್ಳುಹಣ್ಣಿನ ಪೊದೆ. ಇವನಿಗೆ ನನ್ನ ಗುರುತೂ ಸಿಗಲಿಲ್ಲ, ಎಂದು ರೋಸ್ವಿಟಾಗೆ ಸಿಟ್ಟು ಬಂತು. ಸಿಟ್ಟು ಎಷ್ಟು ಹಿತವಾದದ್ದು ಎಂಬುದು ಅವಳಿಗೆ ಮರೆತೇ ಹೋಗಿತ್ತು. ಪಾತ್ರೆಯನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು.

"ಎಗೋನ್. ಎರಡೂ ಕೈ ಎತ್ತು."

ಅವನ ಬಾಯಿ ತೆರೆದೇ ಉಳಿಯಿತು. ತಲೆಗೆ ತಿಳಿಯುವ ಮೊದಲೇ ಅವನ ಬಲಗೈ ಮೇಲೆದ್ದಿತು, ಅಂಗೈ ಅವಳ ಕಡೆಗೆ. ಎಡಗೈ ಏಳಲಿಲ್ಲ. ಅದರಲ್ಲಿ ಮೈಕಿತ್ತು.

"ಇನ್ನೂ ಒಂದೇ ಕೈ," ಎಂದಳು ರೋಸ್ವಿಟಾ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು, ಗಟ್ಟಿಯಾಗಿತ್ತು. "ಅವತ್ತೂ ಒಂದೇ ಎತ್ತಿದ್ದೆ. ಪೆದ್ದ ಕಂಡಕ್ಟರಮ್ಮ ನಾನೇ. ಗಾಬರಿ ಬಿದ್ದವಳಲ್ಲ ನಾನು. ಇನ್ನೊಂದು ಕೈಯಲ್ಲಿ ಏನಿತ್ತು ಅಂತ ಇವರಿಗೆ ಹೇಳು."

"ಏನಿತ್ತು?" ಎಂದು ಹಳದಿ ಜಾಕೀಟಿನ ಹೆಂಗಸೊಬ್ಬಳು ಕೇಳಿದಳು. ಇದೂ ಆಟದ ಭಾಗವೆಂದೇ ಅವಳು ತಿಳಿದಂತಿತ್ತು. ಚಪ್ಪಟೆ ಗಾಡಿ ಪಕ್ಕದಲ್ಲೇ ಸದ್ದು ಮಾಡುತ್ತ ದಾಟಿಹೋಯಿತು. ಎಗೋನ್ ಮೈಕನ್ನು ಬಾಯಿಯ ಹತ್ತಿರ ತಂದ, ದೂರ ಮಾಡಿದ, ಮತ್ತೆ ತಂದ.

"ಬಾಟ್ಲಿ," ಎಂದ. "ಅವಳು ಬೀಳಿಸಲಿಲ್ಲ. ನಾನು ಹಿಡೀಲಿಲ್ಲ."

ಜನ ಮತ್ತೆ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ರೋಸ್ವಿಟಾ ಕುಳಿತಳು. ಶಾಲಿನ ಗಂಟು ಬಿಸಿಯಾಗಿತ್ತು, ನಲವತ್ತು ವರ್ಷದಲ್ಲಿ ಮೊದಲ ಸಲ ಬೆನ್ನು ನೆಟ್ಟಗಾದಂತೆ ಅನ್ನಿಸಿತು. ಗೆದ್ದೆ. ಆದರೆ ಒಂದೇ ಕೈ ಕಂಡದ್ದು ತನಗೂ ಗೊತ್ತಿತ್ತಲ್ಲ? ಅವತ್ತು ಬೆನ್ನ ಹಿಂದೆ ಜಿಲ್ಲೆಯ ಅತಿಥಿಗಳು ನೋಡುತ್ತಿದ್ದರು, ಬಾಗಿಲು ಆಗಲೇ ತೆರೆದಿತ್ತು, ಮತ್ತೆ ಮುಚ್ಚಿದರೆ ಏನೋ ಎಡವಟ್ಟಾಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ನೋಡಿಯೂ ಕೊಟ್ಟೆ. ಅದನ್ನು ಮೈಕಿನಲ್ಲಿ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗೆದ್ದದ್ದು ಮೇಲಿನ ಸ್ಟೇಷನ್ ಬರುವಷ್ಟರಲ್ಲಿ ಅರ್ಧ ಆರಿಹೋಗಿತ್ತು.

ಮೇಲೆ ಪ್ಲಾಟ್‌ಫಾರ್ಮಿನ ಆಚೆ ಬದಿಯಲ್ಲಿ ಕರೆಂಟು ರೈಲಿನ ಒಂಟಿ ಡಬ್ಬಿ ಕಾಯುತ್ತಿತ್ತು. ಎಗೋನ್ ಟೋಪಿ ಕೈಯಲ್ಲಿ ಹಿಡಿದು ಅವಳ ಹಿಂದೆಯೇ ಬಂದ.

"ಒಟಿಲಿ ಮನೆಗಾ?"

"ನಿನಗ್ಯಾರು ಹೇಳಿದ್ರು?"

"ಪಾತ್ರೆ ಹೇಳ್ತಿದೆ." ಅವನು ನಗಲು ನೋಡಿದ, ಆಗಲಿಲ್ಲ. "ನನ್ನ ಹೆಸರು ಮಾತ್ರ ಎತ್ತಬೇಡ ಅವಳ ಮುಂದೆ. ಪಾತ್ರೆ ತೆಗೆದು ತಲೆಗೆ ಹೊಡೀತಾಳೆ. ನಲವತ್ತು ವರ್ಷ ಆಯ್ತು, ನನ್ನ ಕಂಡ್ರೆ ರಸ್ತೆ ದಾಟಿ ಹೋಗ್ತಾಳೆ. ಒಂದ್ಸಲ ಬೇಕರಿಯೊಳಗೆ ಉಗಿದೇಬಿಟ್ಲು."

"ಯಾಕೆ?"

"ಅವಳ ಹೆಸರು ಹೇಳಿದ್ದು ನಾನು ಅಂತ. ಆ ದಿನ ಆ ಕೋಣೆಗೆ ಹೋಗಿದ್ದು ನಾವಿಬ್ರೇ ಅಲ್ವಾ. ನಿನ್ನ ಮೇಲೆ ಅವಳಿಗೆ ಅನುಮಾನವೇ ಬರ್ಲಿಲ್ಲ, ಆ ಹುಡುಗಿ ಚಿನ್ನ ಅಂತಿದ್ಲು."

ರೋಸ್ವಿಟಾಗೆ ಪಾತ್ರೆ ಇದ್ದಕ್ಕಿದ್ದಂತೆ ಭಾರವಾಯಿತು. "ನಾನಲ್ಲ ಅಂತ ನೀನು ಹೇಳಲಿಲ್ವಾ?"

"ನಾನಲ್ಲ ಅಂದ್ರೆ ನೀನು ಅಂತಾಗುತ್ತಲ್ಲ." ಎಗೋನ್ ಟೋಪಿಯ ಅಂಚನ್ನು ತಿರುವುತ್ತ ನಿಂತ. "ಅವತ್ತು ಒಂದು ಕೈ ಎತ್ತಲಿಲ್ಲ ನಾನು. ಅದಕ್ಕೆ ಈ ಅಪವಾದವಾದ್ರೂ ನನ್ನ ಮೇಲಿರ್ಲಿ ಅಂತ. ಜನ ನಗೋ ಹಾಗೆ ಕಥೆ ಮಾಡ್ಕೊಂಡೆ. ನಗ್ತಾ ಇದ್ರೆ ಆಮೇಲೇನಾಯ್ತು ಅಂತ ಯಾರೂ ಕೇಳಲ್ಲ."

"ಪೆದ್ದಿ ಮಾಡಿಬಿಟ್ಟೆಯಲ್ಲೋ ನನ್ನ."

"ಅದು ತಪ್ಪು," ಎಂದ. "ಕುಡುಕ ಅಂತ ಹೇಳ್ಕೊಳ್ಳೋಕೆ ನಾಲಿಗೆ ಬರ್ಲಿಲ್ಲ. ಇವತ್ತು ಬಂತಲ್ಲ."

ಡ್ರೈವರ್ ಗಂಟೆ ಬಾರಿಸಿದ. ರೋಸ್ವಿಟಾ ಡಬ್ಬಿ ಹತ್ತಿದಳು.

ಮೇಲಿನ ದಾರಿ ಹತ್ತೇ ನಿಮಿಷ, ಹುಲ್ಲುಗಾವಲಿನ ಅಂಚಿನಲ್ಲಿ, ಆಮೇಲೆ ಕಾಡಿನಲ್ಲಿ. ಹುಳ ಹಿಡಿದ ಸ್ಪ್ರೂಸ್ ಮರಗಳು ಗುಡ್ಡದುದ್ದಕ್ಕೂ ಕಂದು ಬಣ್ಣಕ್ಕೆ ತಿರುಗಿ ನಿಂತಿದ್ದವು. ಆ ಕಾಲದಲ್ಲಿ ಇಲ್ಲಿ ಹಗಲಲ್ಲೂ ಕತ್ತಲೆಯಿತ್ತು, ಈಗ ಕಾಂಡಗಳ ನಡುವೆ ಆಚೆಯ ಊರು ಕಾಣುತ್ತದೆ. ಯಾರ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತೆ ನಾನು? ನನ್ನ ಮುಖಕ್ಕೆ ಬೀಳಬೇಕಿದ್ದ ಉಗುಳನ್ನು ನಲವತ್ತು ವರ್ಷ ಒರೆಸಿಕೊಂಡವನ ಮುಂದೆ. ಈಗಲೂ ಸುಮ್ಮನಿರಬಹುದು. ಕಡುಬು ಕೊಟ್ಟು, ಹಳೆಯ ಕಾಲದ ಮಾತಾಡಿ, ಮೂರೂವರೆಯ ಗಾಡಿಗೆ ವಾಪಸು ಹೋಗಬಹುದು. ಒಟಿಲಿಗೆ ಎಂಬತ್ತಾರು. ಚಿನ್ನದಂಥ ಹುಡುಗಿಯೊಬ್ಬಳಿದ್ದಳು ಎಂದುಕೊಂಡೇ ಹೋಗಲಿ, ಯಾರಿಗೆ ನಷ್ಟ? ಹೀಗೆ ಯೋಚಿಸುತ್ತಿರುವುದು ತನ್ನೊಳಗಿನ ಯಾರು ಎಂಬುದು ಅವಳಿಗೆ ಗೊತ್ತಿತ್ತು. ಕಾಲುಚೀಲ ಮುಚ್ಚಿಕೊಂಡು ಗೂನಾಗಿ ನಿಂತಿದ್ದಳಲ್ಲ, ಅವಳು. ಇಲ್ಲ, ಎಂದಳು ರೋಸ್ವಿಟಾ ಗಟ್ಟಿಯಾಗಿ. ಡ್ರೈವರ್ ಕನ್ನಡಿಯಲ್ಲಿ ನೋಡಿದ. ನೋಡಲಿ. ಇವತ್ತು ಯಾರು ಬೇಕಾದರೂ ನೋಡಲಿ.

ಕೊನೆಯ ಸ್ಟೇಷನ್ನಿನಲ್ಲಿ ಹಳಿ ಒಂದು ಮರದ ದಿಮ್ಮಿಗೆ ಬಂದು ಮುಗಿಯುತ್ತದೆ. ಆಚೆ ಸ್ಲೇಟು ಹೊದ್ದ ಮನೆಗಳು. ದಿಮ್ಮಿಯ ಪಕ್ಕದಲ್ಲಿ, ಮುದುಕರು ಹಿಡಿದು ನಡೆಯುವ ನಾಲ್ಕು ಗಾಲಿಯ ತಳ್ಳುಗಾಡಿಯ ಎರಡೂ ಹಿಡಿಗಳನ್ನು ಬಿಗಿಯಾಗಿ ಹಿಡಿದು, ಒಟಿಲಿ ನಿಂತಿದ್ದಳು. ಕುಗ್ಗಿ ಅರ್ಧವಾಗಿದ್ದಳು, ಆದರೆ ಏಪ್ರನ್ ಗಂಜಿ ಹಾಕಿ ಇಸ್ತ್ರಿ ಮಾಡಿದ್ದಾಗಿತ್ತು.

"ಏಳು ನಿಮಿಷ ಲೇಟು," ಎಂದಳು. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ತೋರ್ಸು, ಒಡೆದಿದೆಯಾ?"

"ಒಟಿಲಿ, ಮೊದಲು ನನ್ನ ಮಾತು ಕೇಳು."

"ಕಡುಬು ಕಾಯಲ್ಲ ಹುಡುಗಿ, ಮಾತು ಕಾಯುತ್ತೆ."

"ನಲವತ್ತು ವರ್ಷ ಕಾಯ್ತು." ರೋಸ್ವಿಟಾ ಉಸಿರು ತೆಗೆದುಕೊಂಡಳು. "ನಿನ್ನ ಹೆಸರು ಹೇಳಿದ್ದು ಎಗೋನ್ ಅಲ್ಲ. ನಾನು. ಆ ಕೋಣೆಯೊಳಗೆ. ನೀನು ಬಲವಂತ ಮಾಡಿದೆ ಅಂತಾನೂ ಹೇಳ್ದೆ. ಸುಳ್ಳು ಅದು. ಪಾತ್ರೆ ಕೇಳಿದವಳೇ ನಾನು. ಅವನು ಒಂದೇ ಕೈ ಎತ್ತಿದ್ದು ನೋಡಿಯೂ ಕೊಟ್ಟೆ."

ಒಟಿಲಿಯ ಕೆಳತುಟಿ ಒಳಕ್ಕೆ ಹೋಯಿತು. ಹಿಡಿಯ ಮೇಲಿನ ಬೆರಳುಗಳಲ್ಲಿ ಗಾಜು ಕೊಯ್ದ ಬಿಳಿ ಗೆರೆಗಳು ಎದ್ದು ಕಂಡವು. ಡ್ರೈವರ್ ಡಬ್ಬಿಯ ಆ ತುದಿಯಿಂದ ಈ ತುದಿಗೆ ನಡೆದು ಬಂದು, ಹಿಂದಿರುಗಲು ಸಜ್ಜಾಗಿ, ಬೀಡಿಯಷ್ಟು ತೆಳ್ಳಗಿನ ಸಿಗರೇಟು ಹಚ್ಚಿದ.

"ಕ್ಷಮಿಸು ಅಂತ ಕೇಳೋಕೆ ಬಂದೆಯಾ?" ಎಂದಳು ಒಟಿಲಿ ಕೊನೆಗೆ.

"ಇಲ್ಲ."

"ಯಾಕಿಲ್ಲ?"

"ಕೇಳಿದ್ರೆ ನೀನು ಕೊಡ್ಬೇಕಾಗುತ್ತೆ. ಕೊಡೋದು ಬಿಡೋದು ನಿನ್ನಿಷ್ಟ. ಹೇಳೋದು ನನ್ನ ಕೆಲಸ, ಹೇಳ್ದೆ."

"ಕೊಬ್ಬು ಇಳಿದಿಲ್ಲ ನಿನಗೆ." ಒಟಿಲಿಯ ಕಣ್ಣು ತುಂಬಿತ್ತು, ಅದು ಸಿಟ್ಟಿಗೋ ಇನ್ನಾವುದಕ್ಕೋ ರೋಸ್ವಿಟಾಗೆ ತಿಳಿಯಲಿಲ್ಲ. "ಬೇಕರಿಯೊಳಗೆ ಉಗಿದೆ ಅವನ ಮೇಲೆ. ಅವನ ಹೆಂಡತಿ ಸತ್ತಾಗ ಹೂ ಹಿಡ್ಕೊಂಡು ಹೋಗ್ಲಿಲ್ಲ. ಬಾಯಿ ಬಿಡಲಿಲ್ವಲ್ಲ ಆ ಕತ್ತೆ." ಅವಳು ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. "ಪಾತ್ರೆ ಕೊಡಿಲ್ಲಿ." ಒಂದು ಕೈ ಚಾಚಿದಳು.

ರೋಸ್ವಿಟಾ ಕೊಡಲಿಲ್ಲ. "ಎರಡೂ ಕೈ."

"ಎರಡೂ ಬಿಟ್ರೆ ಬಿದ್ದು ಹೋಗ್ತೀನಿ ಕಣೇ, ಕಾಣಲ್ವಾ?"

"ಒಂದು ಕೈಗೆ ಕೊಡಲ್ಲ. ಒಂದ್ಸಲ ಕೊಟ್ಟಿದ್ದು ಸಾಕು."

ಒಟಿಲಿ ಗದ್ದದಿಂದ ತಳ್ಳುಗಾಡಿಯ ಮೇಲಿನ ಸಣ್ಣ ಆಸನ ತೋರಿಸಿದಳು. ರೋಸ್ವಿಟಾ ಪಾತ್ರೆಯನ್ನು ಅಲ್ಲಿಟ್ಟು, ಶಾಲು ಬಿಚ್ಚಿ ಅದರಿಂದಲೇ ಆಸನಕ್ಕೆ ಬಿಗಿದು ಕಟ್ಟಿದಳು. ಒಟಿಲಿ ಮುಚ್ಚಳ ಸರಿಸಿ ಒಳಗೆ ಇಣುಕಿದಳು. ಎರಡು ಕಡುಬುಗಳ ಅಂಚು ಸವೆದಿತ್ತು, ಉಳಿದವು ಗಟ್ಟಿಯಾಗಿದ್ದವು.

"ಹಿಂಡಿದ್ದು ಸಾಲದು. ಆರು ಯಾಕೆ ಮಾಡಿದೆ? ನಾನು ಎರಡು, ನೀನು ಎರಡು."

ರೋಸ್ವಿಟಾ ಪಾತ್ರೆಯೊಳಗೆ ನೋಡಿದಳು. ಆ ಪಾತ್ರೆಗೆ ಆರೇ ಹಿಡಿಯುವುದು, ಯಾವಾಗಲೂ ಆರೇ ಕಟ್ಟಿದ್ದು.

"ಗಾಡಿ ನಿಂತಿದೆ," ಎಂದಳು ಒಟಿಲಿ. "ಹತ್ತು. ಅವನನ್ನ ಕರ್ಕೊಂಡ್ ಬಾ. ಈಗ ಹೇಳಿದ್ಯಲ್ಲ, ಅದನ್ನೇ ಅವನ ಮುಂದೆ ಇನ್ನೊಂದ್ಸಲ ಹೇಳು, ಒಂದಕ್ಷರ ಬಿಡದೆ. ಆಮೇಲೆ ನಿನ್ನ ಏನು ಮಾಡೋದು ಅಂತ ನೋಡ್ತೀನಿ."

ಡ್ರೈವರ್ ಸಿಗರೇಟು ಕಾಲಿನಿಂದ ಹೊಸಕಿದ. "ಈಗಷ್ಟೇ ಬಂದ್ರಲ್ಲಮ್ಮ, ಮತ್ತೆ ಟಿಕೆಟ್ ಬೇಕಾ?"

"ಹೋಗಿ ಬರೋದಕ್ಕೆ ಕೊಡಿ. ಬರುವಾಗ ಇಬ್ಬರು."

ಗಾಡಿ ಹೊರಟಿತು. ರೋಸ್ವಿಟಾ ಕಿಟಕಿಯ ಗಾಜು ಇಳಿಸಿ ಹೊರಗೆ ಬಾಗಿದಳು. ಬೆಳಗಿನಿಂದ ಹಿಡಿದಿದ್ದ ಬಿಸಿ ಅಂಗೈಯಲ್ಲಿ ಇನ್ನೂ ಉಳಿದಿತ್ತು. ಏನು ಮಾಡುತ್ತಿದ್ದೇನೆಂದು ಯೋಚಿಸದೆ ಎರಡೂ ಕೈ ಎತ್ತಿ ತೋರಿಸಿದಳು. ಮರದ ದಿಮ್ಮಿಯ ಪಕ್ಕದಲ್ಲಿ ಒಟಿಲಿ ಪಾತ್ರೆಯ ಗಾಡಿಯನ್ನು ಮನೆಯ ಕಡೆಗೆ ತಿರುಗಿಸುತ್ತಿದ್ದವಳು ನಿಂತು ನೋಡಿದಳು. ಕೈ ಎತ್ತಲಿಲ್ಲ. ಹಿಡಿ ಬಿಡುವಂತಿರಲಿಲ್ಲ.

"ಬೇಗ ಬನ್ರೋ!" ಎಂದು ಕೂಗಿದಳು. "ತಡ ಮಾಡಿದ್ರೆ ಆರೂ ನಾನೇ ತಿಂದ್ಬಿಡ್ತೀನಿ!"